ಬೆದರಿಸುವವನ ಬಲ ಎಲ್ಲಿದೆ? ಅಂತರ್ಜಾಲದಲ್ಲಿ ಹೆಣ್ಣುಮಕ್ಕಳ ಮೇಲಿನ ಹಿಂಸೆ ಮತ್ತು ಮನೆಯವರ ಹೊಣೆ

ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ ಪ್ರತಿ ವರ್ಷ ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ ಜಗತ್ತಿನಾದ್ಯಂತ 16 ದಿನಗಳ ಅಭಿಯಾನ ನಡೆಯುತ್ತದೆ. 2025ರ ಅಭಿಯಾನಕ್ಕೆ ವಿಶ್ವಸಂಸ್ಥೆ ಆರಿಸಿಕೊಂಡದ್ದು ಡಿಜಿಟಲ್ ಹಿಂಸೆಯನ್ನು. ಅದೇ ವಿಷಯವಾಗಿ ಪದವಿ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಒಟ್ಟಿಗೆ ಕುಳಿತಿದ್ದ ಸಭೆಯೊಂದರಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಪೋಷಕರೂ ಬರಲೇಬೇಕೆಂದು ನಾನೇ ಕೇಳಿಕೊಂಡಿದ್ದೆ, ಏಕೆಂದರೆ ಹೇಳಬೇಕಾದ ಮಾತಿನಲ್ಲಿ ಹೆಚ್ಚಿನ ಪಾಲು ಅವರಿಗೇ ಸೇರಿದ್ದು.

ಇಂಥ ಸಭೆಗಳಲ್ಲಿ ಹೆಣ್ಣುಮಕ್ಕಳ ಮುಂದೆ ಸಾಮಾನ್ಯವಾಗಿ ಇಡುವುದು ಮಾಡಬಾರದ್ದರ ಪಟ್ಟಿಯನ್ನು. ಫೋಟೊ ಹಾಕಬೇಡಿ, ಅಪರಿಚಿತರೊಂದಿಗೆ ಮಾತನಾಡಬೇಡಿ, ರಾತ್ರಿ ಫೋನ್ ಹಿಡಿಯಬೇಡಿ. ಆ ಪಟ್ಟಿಯನ್ನು ನಾನು ಓದುವುದಿಲ್ಲ. ಅದರಲ್ಲಿ ಕೆಲವು ಮಾತುಗಳು ಸರಿಯೇ ಇರಬಹುದು, ಆದರೆ ಒಟ್ಟಾರೆಯಾಗಿ ಅದು ಕಲಿಸುವುದು ಒಂದೇ ಪಾಠ: ಏನಾದರೂ ಆದರೆ ತಪ್ಪು ನಿನ್ನದೇ. ಈ ಪಾಠ ಕಲಿತ ಹುಡುಗಿಗೆ ಒಬ್ಬ ಅವಳ ಚಿತ್ರ ತೋರಿಸಿ ಬೆದರಿಸಿದಾಗ ಮೊದಲು ಹೊಳೆಯುವುದು ಪೊಲೀಸರಲ್ಲ, ಮನೆ. ಅಪ್ಪನಿಗೆ ಗೊತ್ತಾದರೆ ಕಾಲೇಜು ಬಿಡಿಸುತ್ತಾರೆ, ಅಣ್ಣ ಫೋನ್ ಕಸಿಯುತ್ತಾನೆ, ಅವಸರದಲ್ಲಿ ಮದುವೆ ಗೊತ್ತು ಮಾಡುತ್ತಾರೆ, ಊರಿನಲ್ಲಿ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ ಎಂಬ ಲೆಕ್ಕ ಅವಳ ಮನಸ್ಸಿನಲ್ಲಿ ಆ ಕ್ಷಣದಲ್ಲೇ ನಡೆದುಹೋಗುತ್ತದೆ. ಬೆದರಿಸುವವನಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ಅವನ ಬಲ ಇರುವುದು ಅವನ ಕೈಯಲ್ಲಿರುವ ಚಿತ್ರಕ್ಕಿಂತ ಹೆಚ್ಚಾಗಿ ಅವಳ ಈ ಭಯದಲ್ಲಿ.

ತಂತ್ರಜ್ಞಾನವನ್ನು ಬಳಸಿ ಹೆಣ್ಣಿನ ಮೇಲೆ ನಡೆಸುವ ಹಿಂಸೆಗೆ ಹಲವು ರೂಪಗಳಿವೆ. ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹಂಚುವುದು, ಹಂಚುತ್ತೇನೆಂದು ಹೆದರಿಸಿ ಹಣವನ್ನೋ ದೇಹವನ್ನೋ ಕೇಳುವುದು, ಅವಳ ಹೆಸರಿನಲ್ಲಿ ನಕಲಿ ಖಾತೆ ತೆರೆಯುವುದು, ಸದಾ ಬೆನ್ನುಹತ್ತುವುದು, ಫೋನಿನೊಳಗೆ ಕುಳಿತು ಅವಳ ಓಡಾಟವನ್ನು ಕಾಯುವುದು, ಅಭಿಪ್ರಾಯ ಹೇಳಿದವಳ ಮೇಲೆ ಗುಂಪಾಗಿ ಮುಗಿಬೀಳುವುದು, ಮುಖವನ್ನು ಬೇರೆ ದೇಹಕ್ಕೆ ಅಂಟಿಸುವುದು. 2021ರ ಜುಲೈನಲ್ಲಿ ಮತ್ತು 2022ರ ಹೊಸ ವರ್ಷದ ದಿನ ಮುಸ್ಲಿಂ ಮಹಿಳೆಯರ ಫೋಟೊಗಳನ್ನು ಆ್ಯಪ್‌ಗಳಲ್ಲಿ ಹಾಕಿ 'ಹರಾಜಿಗಿದ್ದಾರೆ' ಎಂದು ತೋರಿಸಿದ ಪ್ರಕರಣಗಳು ನಿಮಗೆ ನೆನಪಿರಬಹುದು. ಅಲ್ಲಿದ್ದ ಚಿತ್ರಗಳಲ್ಲಿ ಖಾಸಗಿಯಾದದ್ದು ಏನೂ ಇರಲಿಲ್ಲ. ಪತ್ರಕರ್ತೆಯರು, ಹೋರಾಟಗಾರ್ತಿಯರು ತಾವಾಗಿಯೇ ಹಾಕಿಕೊಂಡ ಸಾಧಾರಣ ಫೋಟೊಗಳವು. ಎಚ್ಚರವಾಗಿದ್ದರೆ ಏನೂ ಆಗುವುದಿಲ್ಲ ಎನ್ನುವವರು ಈ ಪ್ರಕರಣವನ್ನು ಒಮ್ಮೆ ಯೋಚಿಸಬೇಕು.

ಇದು ಇಂದಿನ ಸ್ಮಾರ್ಟ್‌ಫೋನಿನೊಂದಿಗೆ ಹುಟ್ಟಿದ ಪಿಡುಗೂ ಅಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆ ಬಂದದ್ದು 2000ದಲ್ಲಿ. ಅದರ ಅಡಿಯಲ್ಲಿ ದೇಶದಲ್ಲೇ ಮೊದಮೊದಲು ಶಿಕ್ಷೆಯಾದ ಪ್ರಕರಣಗಳಲ್ಲಿ ಒಂದು 2004ರಲ್ಲಿ ಚೆನ್ನೈನಲ್ಲಿ ನಡೆಯಿತು. ವಿಚ್ಛೇದನ ಪಡೆದಿದ್ದ ಮಹಿಳೆಯೊಬ್ಬರು ತನ್ನನ್ನು ಮದುವೆಯಾಗಲು ಒಪ್ಪಲಿಲ್ಲವೆಂದು ಪರಿಚಿತನೊಬ್ಬ ಯಾಹೂ ಗುಂಪುಗಳಲ್ಲಿ ಅವರ ಹೆಸರಿನಲ್ಲಿ ಅಶ್ಲೀಲ ಸಂದೇಶಗಳನ್ನು ಹಾಕಿದ, ಅದನ್ನು ನಂಬಿದವರು ಅವರಿಗೆ ಕರೆ ಮಾಡತೊಡಗಿದರು. ಅವರು ಸುಮ್ಮನಿರದೆ ದೂರು ಕೊಟ್ಟರು, ವರ್ಷ ತುಂಬುವ ಮೊದಲೇ ಆತನಿಗೆ ಶಿಕ್ಷೆಯಾಯಿತು. ಫೋಟೊ ಇಲ್ಲ, ವಿಡಿಯೊ ಇಲ್ಲ, ಆಕೆಯ ಕಡೆಯಿಂದ 'ಅಜಾಗರೂಕತೆ' ಎಂದು ಬೆರಳು ತೋರಿಸುವಂಥದ್ದು ಏನೂ ಇಲ್ಲ. ಇದ್ದದ್ದು ಒಂದು ನಿರಾಕರಣೆ, ಅದನ್ನು ಸಹಿಸಲಾರದ ಒಬ್ಬ ಗಂಡಸು. ಅಂದಿನಿಂದ ಸಾಧನಗಳು ಬದಲಾಗಿವೆ, ಕಾರಣ ಬಹುಮಟ್ಟಿಗೆ ಅದೇ ಇದೆ.

ನಮ್ಮ ರಾಜ್ಯದ ಹಾಸನದ ಪ್ರಕರಣವನ್ನು ನಾನು ಸ್ವಲ್ಪ ವಿವರವಾಗಿ ಎತ್ತಿಕೊಳ್ಳಬೇಕು. 2024ರ ಏಪ್ರಿಲ್‌ನಲ್ಲಿ, ಲೋಕಸಭೆಯ ಮತದಾನಕ್ಕೆ ಕೆಲವೇ ದಿನಗಳಿದ್ದಾಗ, ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಹರಡಿದವು. ಅವುಗಳಲ್ಲಿ ಅಂದಿನ ಸಂಸದರಿಗೆ ಸಂಬಂಧಿಸಿದವು ಎನ್ನಲಾದ, ಅನೇಕ ಮಹಿಳೆಯರ ವಿಡಿಯೊಗಳಿದ್ದವು. ಮಹಿಳೆಯರ ಮುಖಗಳನ್ನು ಮರೆಮಾಡುವ ಸೌಜನ್ಯವೂ ಹಂಚಿದವರಿಗೆ ಇರಲಿಲ್ಲ. ಮುಂದೆ ವಿಶೇಷ ತನಿಖಾ ದಳ ರಚನೆಯಾಯಿತು, 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮನೆಗೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಆ ಮಾಜಿ ಸಂಸದರಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಅದರ ವಿರುದ್ಧ ಮೇಲ್ಮನವಿಯೂ ಸಲ್ಲಿಕೆಯಾಯಿತು. ಅಧಿಕಾರದಲ್ಲಿದ್ದ ಮನೆತನದ ಎದುರು ಒಬ್ಬ ಮನೆಗೆಲಸದ ಹೆಣ್ಣುಮಗಳು ನಿಂತು ಸಾಕ್ಷಿ ಹೇಳಿದ್ದು ಸಣ್ಣ ಸಂಗತಿಯಲ್ಲ. ಆಕೆಯ ಧೈರ್ಯಕ್ಕೆ ಈ ನಾಡು ಋಣಿಯಾಗಿರಬೇಕು.

ಆದರೆ ನನ್ನನ್ನು ಹೆಚ್ಚು ಕಾಡುವುದು ಆ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ, ಫೋನಿನಿಂದ ಫೋನಿಗೆ ಹೋದ ಬಗೆ. ಆ ವಿಡಿಯೊಗಳನ್ನು ತೆಗೆದವನು ಒಬ್ಬ. ಅವುಗಳನ್ನು ತೆರೆದು ನೋಡಿದವರು, ಗೆಳೆಯರ ಗುಂಪಿಗೆ ಕಳಿಸಿದವರು, 'ಇವಳು ನಮ್ಮ ಊರಿನವಳಲ್ಲವೇ' ಎಂದು ಗುರುತು ಹಿಡಿದವರು ಎಷ್ಟೋ ಜನ. ಅವರಲ್ಲಿ ಬಹುತೇಕರು ತಮ್ಮನ್ನು ಒಳ್ಳೆಯವರೆಂದೇ ಭಾವಿಸಿದ್ದರು, ಅನ್ಯಾಯವನ್ನು ಬಯಲಿಗೆಳೆಯುತ್ತಿದ್ದೇವೆ ಎಂದೂ ಕೆಲವರು ನಂಬಿದ್ದರು. ಗುರುತು ಸಿಕ್ಕ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಆ ದಿನಗಳಲ್ಲಿ ವರದಿಯಾದವು. ವಿಡಿಯೊಗಳನ್ನು ಹಂಚುವುದೂ ಅಪರಾಧವೆಂದು ತನಿಖಾ ದಳ ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು, ಹಂಚಿದ ಆರೋಪದ ಮೇಲೆ ಬಂಧನಗಳೂ ಆದವು. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಎ ಕಲಂ ಲೈಂಗಿಕ ದೃಶ್ಯಗಳನ್ನು ಪ್ರಕಟಿಸುವವನನ್ನೂ ರವಾನಿಸುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಮೊದಲ ಬಾರಿಯ ಅಪರಾಧಕ್ಕೇ 5 ವರ್ಷದವರೆಗೆ ಸೆರೆವಾಸ, 10 ಲಕ್ಷ ರೂಪಾಯಿವರೆಗೆ ದಂಡ. 'ನಾನು ಬರೀ ಫಾರ್ವರ್ಡ್ ಮಾಡಿದೆ' ಎಂಬುದು ಕಾನೂನಿನ ಕಣ್ಣಿನಲ್ಲಿ ಸಮಜಾಯಿಷಿಯಲ್ಲ, ತಪ್ಪೊಪ್ಪಿಗೆ. ಚಿತ್ರದಲ್ಲಿರುವುದು 18 ತುಂಬದ ಮಗುವಾದರೆ ಸ್ಥಿತಿ ಇನ್ನೂ ಗಂಭೀರ. ಅಂಥ ದೃಶ್ಯಗಳನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದೂ ಪೋಕ್ಸೊ ಕಾಯಿದೆಯಡಿ ಅಪರಾಧವಾಗಬಲ್ಲದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಸಭೆಯಲ್ಲಿದ್ದ ಗಂಡುಮಕ್ಕಳಿಗೆ ನಾನು ಈ ಭಾಗವನ್ನು ಎರಡು ಬಾರಿ ಹೇಳಿದೆ.

ಇನ್ನು 'ಅವಳೇ ತೆಗೆಸಿಕೊಂಡಿದ್ದಳಲ್ಲ', 'ಅವಳೇ ಕಳಿಸಿದ್ದಳಲ್ಲ' ಎಂಬ ಮಾತು. ಪೊಲೀಸ್ ಠಾಣೆಯಲ್ಲೂ, ಮನೆಯ ಪಡಸಾಲೆಯಲ್ಲೂ ಕೇಳಿಬರುವ ಈ ಮಾತಿಗೆ ಕಾನೂನು 2013ರಲ್ಲೇ ಉತ್ತರ ಕೊಟ್ಟಿದೆ. ಅಂದು ದಂಡ ಸಂಹಿತೆಗೆ ಸೇರಿಸಿದ 354ಸಿ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಆಗಿ ಮುಂದುವರಿದಿದೆ. ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ ಅದನ್ನು ಮೂರನೆಯವರಿಗೆ ಹಂಚಲು ಒಪ್ಪಿರದಿದ್ದರೆ, ಹಂಚಿದ್ದು ಅಪರಾಧವೇ ಎಂದು ಅದರ ವಿವರಣೆ ನೇರವಾಗಿ ಹೇಳುತ್ತದೆ. ಒಬ್ಬನನ್ನು ನಂಬಿ ಕೊಟ್ಟ ಒಪ್ಪಿಗೆ ಅವನೊಬ್ಬನಿಗೆ, ಆ ಹೊತ್ತಿಗೆ, ಆ ಉದ್ದೇಶಕ್ಕೆ ಮಾತ್ರ. ಪ್ರೀತಿಸಿದಾಗ ನಂಬಿದ್ದು ಅವಳ ತಪ್ಪಲ್ಲ. ನಂಬಿಕೆಯನ್ನು ಮಾರಿಕೊಂಡದ್ದು ಅವನ ತಪ್ಪು. 2018ರಲ್ಲಿ ಪಶ್ಚಿಮ ಬಂಗಾಳದ ನ್ಯಾಯಾಲಯವೊಂದು, ಸಂಬಂಧ ಮುರಿದ ಮೇಲೆ ಹುಡುಗಿಯ ಖಾಸಗಿ ದೃಶ್ಯಗಳನ್ನು ಅಂತರ್ಜಾಲಕ್ಕೆ ಹಾಕಿದ ಯುವಕನಿಗೆ 5 ವರ್ಷದ ಶಿಕ್ಷೆ ಕೊಟ್ಟು, ಪರಿಹಾರದ ವಿಷಯದಲ್ಲಿ ಆಕೆಯನ್ನು ಅತ್ಯಾಚಾರದ ಸಂತ್ರಸ್ತೆಯಂತೆಯೇ ಪರಿಗಣಿಸಬೇಕೆಂದಿತು. ಆ ನ್ಯಾಯಾಧೀಶರಿಗೆ ಗಾಯದ ಆಳ ತಿಳಿದಿತ್ತು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತಲ್ಲ, ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ಆದರೆ ಆ ತೀರ್ಪಿನ ನೆರಳಿನಲ್ಲಿ ಇಂದು ಎಷ್ಟೋ ಹೆಣ್ಣುಮಕ್ಕಳು ತಮ್ಮ ಚಿತ್ರಗಳನ್ನು ತೆಗೆಸಿಹಾಕಲು ಹೈಕೋರ್ಟುಗಳ ಬಾಗಿಲು ತಟ್ಟುತ್ತಿದ್ದಾರೆ. ಎಂಬತ್ತು ದಾಟಿದ ವಯಸ್ಸಿನಲ್ಲಿ ಹಿರಿಯರೊಬ್ಬರು ಹಿಡಿದ ಹಟ ತಮ್ಮ ಮೊಮ್ಮಕ್ಕಳ ವಯಸ್ಸಿನವರಿಗೆ ಹೀಗೆ ಒದಗಿದೆ.

ದೂರುಗಳ ಅಂಕಿಅಂಶಗಳ ಬಗ್ಗೆ ಒಂದು ಮಾತು ಸಾಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2023ರಲ್ಲಿ ದೇಶದಲ್ಲಿ 86,420 ಸೈಬರ್ ಅಪರಾಧಗಳು ದಾಖಲಾದವು, ಅದರಲ್ಲಿ ಕರ್ನಾಟಕದ್ದೇ 21,889. ದೇಶದ ಒಟ್ಟು ಪ್ರಕರಣಗಳಲ್ಲಿ ಶೇ 69ರಷ್ಟು ಹಣದ ವಂಚನೆ, ಲೈಂಗಿಕ ಶೋಷಣೆಯ ಉದ್ದೇಶದವು ಶೇ 5ಕ್ಕೂ ಕಡಿಮೆ. ಈ ಶೇ 5 ನೋಡಿ ನೆಮ್ಮದಿಪಡುವವರಿದ್ದಾರೆ, ನನಗೆ ಅದು ಸಾಧ್ಯವಿಲ್ಲ. ಹಣ ಕಳೆದುಕೊಂಡವನು ಬ್ಯಾಂಕಿಗೂ ಠಾಣೆಗೂ ಓಡುತ್ತಾನೆ, ಮನೆಯವರೂ ಜೊತೆಗೆ ಓಡುತ್ತಾರೆ. ಚಿತ್ರ ಹಂಚಿಕೆಯಾದ ಹುಡುಗಿ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟು ಅಳುತ್ತಾಳೆ.

ಹಾಗೆಂದು ಫೋನನ್ನೇ ಕಿತ್ತುಕೊಳ್ಳುವುದು ಪರಿಹಾರವಲ್ಲ. 2016ರಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಹಳ್ಳಿಯೊಂದು ಮದುವೆಯಾಗದ ಹುಡುಗಿಯರು ಮೊಬೈಲ್ ಇಟ್ಟುಕೊಳ್ಳಬಾರದೆಂದು ಕಟ್ಟಳೆ ಮಾಡಿತು. ಅಷ್ಟು ಬಹಿರಂಗವಾಗಿ ಅಲ್ಲದಿದ್ದರೂ ನಮ್ಮ ಅನೇಕ ಮನೆಗಳಲ್ಲಿ ಅದೇ ಕಟ್ಟಳೆ ಜಾರಿಯಲ್ಲಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಾವೇ ಬಳಸುವ ಮೊಬೈಲ್ ಇದೆ ಎಂದ ಮಹಿಳೆಯರು ಶೇ 54 ಮಾತ್ರ. ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದೇವೆ ಎಂದವರು ಮೂವರಲ್ಲಿ ಒಬ್ಬರು. ಓದು, ಕೆಲಸದ ಅರ್ಜಿ, ಬ್ಯಾಂಕು, ವಿದ್ಯಾರ್ಥಿವೇತನ ಎಲ್ಲವೂ ಫೋನಿನೊಳಗೆ ಬಂದಿರುವಾಗ ಅದನ್ನು ಕಿತ್ತುಕೊಳ್ಳುವುದೆಂದರೆ ಬದುಕನ್ನೇ ಕಿತ್ತುಕೊಂಡಂತೆ. ಜೊತೆಗೆ, ದೂರು ಹೇಳಿದರೆ ಫೋನ್ ಹೋಗುತ್ತದೆ ಎಂದು ಗೊತ್ತಿರುವ ಮಗಳು ದೂರು ಹೇಳುವುದೇ ಇಲ್ಲ. ತಂದೆತಾಯಿಯರಲ್ಲಿ ನಾನು ಕೇಳಿಕೊಂಡದ್ದು ಇಷ್ಟೆ: ಏನೂ ಆಗಿರದ ಒಂದು ಸಾಧಾರಣ ದಿನ, ಊಟದ ಹೊತ್ತಿನಲ್ಲಿ, 'ಯಾರಾದರೂ ನಿನ್ನ ಚಿತ್ರ ಇಟ್ಟುಕೊಂಡು ಹೆದರಿಸಿದರೆ ಮೊದಲು ನನಗೆ ಹೇಳು, ನಾನು ಬೈಯುವುದಿಲ್ಲ, ಕಾಲೇಜು ಬಿಡಿಸುವುದಿಲ್ಲ' ಎಂದು ಬಾಯಿಬಿಟ್ಟು ಹೇಳಿ. ಮಗನಿಗೂ ಹೇಳಿ, ಏಕೆಂದರೆ ವಿಡಿಯೊ ಕರೆಯ ಬಲೆಗೆ ಬಿದ್ದು ಹಣ ಕೊಡುತ್ತಲೇ ಇರುವ ಹುಡುಗರೂ ಇದೇ ನಾಚಿಕೆಯಲ್ಲಿ ಬಾಯಿ ಕಟ್ಟಿಕೊಂಡಿರುತ್ತಾರೆ.

ಬೆದರಿಕೆ ಬಂದೇಬಿಟ್ಟರೆ ಏನು ಮಾಡಬೇಕು? ಗಾಬರಿಯಲ್ಲಿ ಎಲ್ಲರೂ ಮಾಡುವ ಕೆಲಸ ಸಂದೇಶಗಳನ್ನು ಅಳಿಸುವುದು. ಅದನ್ನು ಮಾಡಬಾರದು. ಅಳಿಸಿದ್ದು ನಿಮ್ಮ ಸಾಕ್ಷ್ಯ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಅದರಲ್ಲಿ ದಿನಾಂಕ, ಸಮಯ, ಕಳಿಸಿದವನ ಫೋನ್ ಸಂಖ್ಯೆ ಕಾಣುತ್ತಿರಲಿ. ಇನ್‌ಸ್ಟಾಗ್ರಾಂ ಅಥವಾ ಫೇಸ್‌ಬುಕ್ ಖಾತೆಯಾದರೆ ಅಲ್ಲಿ ತೋರುವ ಹೆಸರು ಸಾಲದು. ಹೆಸರನ್ನು ಅವನು ಸಂಜೆಯೊಳಗೆ ಬದಲಿಸಬಲ್ಲ. ಆ ಖಾತೆಯ ಕೊಂಡಿಯನ್ನೂ, ಆಯಾ ಪೋಸ್ಟಿನ ಕೊಂಡಿಯನ್ನೂ ನಕಲು ಮಾಡಿ ಬರೆದಿಡಿ. ವಾಟ್ಸ್‌ಆ್ಯಪ್ ಆದರೆ ಇಡೀ ಸಂಭಾಷಣೆಯನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಇಷ್ಟಾದ ಮೇಲೆ ಬ್ಲಾಕ್ ಮಾಡಿ. ಸಂದೇಶ ಬಂದ ಫೋನನ್ನು ರಿಸೆಟ್ ಮಾಡಬೇಡಿ, ಮಾರಬೇಡಿ, ಏಕೆಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ವಿದ್ಯುನ್ಮಾನ ಸಾಕ್ಷ್ಯದ ಜೊತೆಗೆ ಕೇಳುವ ಪ್ರಮಾಣಪತ್ರದಲ್ಲಿ ಆ ಸಾಧನದ ವಿವರ ಬೇಕಾಗುತ್ತದೆ. ಸಾಕ್ಷ್ಯವೆಂದು ಆ ಚಿತ್ರವನ್ನು ಗೆಳತಿಯರಿಗೂ ನೆಂಟರಿಗೂ ಕಳಿಸಬೇಡಿ, ಅದು ತನಿಖಾಧಿಕಾರಿಯ ಕೈಗೆ ಮಾತ್ರ ಹೋಗಲಿ. ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟವರ ಹತ್ತಿರ ಅವರು ಮತ್ತೆ ಬರುತ್ತಾರೆ.

ಎರಡನೆಯದು ಚಿತ್ರವನ್ನು ಜಾಲತಾಣದಿಂದ ತೆಗೆಸಿಹಾಕುವುದು. ಖಾಸಗಿ ಅಂಗ ಅಥವಾ ಲೈಂಗಿಕ ಕ್ರಿಯೆ ತೋರಿಸುವ, ಇಲ್ಲವೇ ಬೇರೊಬ್ಬರ ಸೋಗು ಹಾಕಿ ಮಾಡಿದ, ತಿರುಚಿದ ಚಿತ್ರಗಳ ಬಗ್ಗೆ ಆ ವ್ಯಕ್ತಿಯೇ ಅಥವಾ ಅವರ ಪರವಾಗಿ ಇನ್ನೊಬ್ಬರು ದೂರು ಕೊಟ್ಟರೆ ಜಾಲತಾಣದವರು ತೆಗೆಯಲೇಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ವಿಧಿಸಿದವು. ಬಂದಾಗ ಅವು ಹಾಕಿದ ಗಡುವು 24 ಗಂಟೆ. ಇದರ ಜೊತೆಗೆ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ವ್ಯವಸ್ಥೆಯೊಂದಿದೆ, ಬ್ರಿಟನ್ನಿನ ಸಂಸ್ಥೆಯೊಂದು 2021ರ ಡಿಸೆಂಬರ್‌ನಲ್ಲಿ ಆರಂಭಿಸಿದ್ದು. ಇದು ಕೆಲಸ ಮಾಡುವ ಬಗೆ ತಿಳಿದರೆ ಭಯ ಕಡಿಮೆಯಾಗುತ್ತದೆ. ನೀವು ನಿಮ್ಮ ಫೋನಿನಲ್ಲಿರುವ ಚಿತ್ರವನ್ನು ಆರಿಸುತ್ತೀರಿ, ಫೋನೇ ಅದರಿಂದ ಒಂದು ಸಂಕೇತ ಸಂಖ್ಯೆಯನ್ನು, ಚಿತ್ರದ ಬೆರಳಚ್ಚು ಎನ್ನಬಹುದಾದದ್ದನ್ನು, ತಯಾರಿಸುತ್ತದೆ. ಹೊರಗೆ ಹೋಗುವುದು ಆ ಸಂಖ್ಯೆ ಮಾತ್ರ, ಚಿತ್ರ ನಿಮ್ಮ ಫೋನ್ ಬಿಟ್ಟು ಕದಲುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಸದಸ್ಯ ತಾಣಗಳಲ್ಲಿ ಯಾರಾದರೂ ಅದೇ ಚಿತ್ರ ಹಾಕಲು ಹೋದರೆ ಸಂಖ್ಯೆ ತಾಳೆಯಾಗಿ ಅದು ತಡೆಯಲ್ಪಡುತ್ತದೆ. ಬೆದರಿಕೆ ಮಾತ್ರ ಬಂದಿದ್ದು ಚಿತ್ರ ಇನ್ನೂ ಹೊರಬಿದ್ದಿಲ್ಲದಾಗಲೇ ಇದನ್ನು ಮಾಡಿಡಬಹುದು. 18 ತುಂಬದವರಿಗೆ ಟೇಕ್ ಇಟ್ ಡೌನ್ ಎಂಬ ಪ್ರತ್ಯೇಕ ಸೇವೆಯಿದೆ. ವಾಟ್ಸ್‌ಆ್ಯಪ್‌ನ ಖಾಸಗಿ ಸಂದೇಶಗಳನ್ನು ಇದು ತಡೆಯಲಾರದು, ಚಿತ್ರವನ್ನು ಹೆಚ್ಚು ತಿದ್ದಿದ್ದರೆ ತಾಳೆಯೂ ಆಗದಿರಬಹುದು. ಆದರೂ ಕೈಕಟ್ಟಿ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ದೂರು ಕೊಡಲು ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್ ಇದೆ; ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಸಹಾಯವಾಣಿ 1930, ಮಹಿಳೆಯರಿಗಾಗಿ 181, ಜೀವಕ್ಕೆ ಅಪಾಯವಿದ್ದರೆ 112, ಮಕ್ಕಳಿಗೆ 1098. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲೇ, ಇಂದು ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗಳಿವೆ. 'ಇದು ನಮ್ಮ ಠಾಣೆಯ ವ್ಯಾಪ್ತಿಗೆ ಬರುವುದಿಲ್ಲ' ಎಂದು ಯಾರಾದರೂ ಹಿಂದಕ್ಕೆ ಕಳಿಸಿದರೆ ನೆನಪಿಡಿ: ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಗಂಭೀರ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ದಾಖಲಿಸಬೇಕು. ವಿದ್ಯುನ್ಮಾನ ಮಾಧ್ಯಮದಲ್ಲಿ ಕಳಿಸಿ ಮೂರು ದಿನದೊಳಗೆ ಸಹಿ ಮಾಡುವ ಅವಕಾಶವೂ ಇದೆ. ಇಣುಕಿ ಚಿತ್ರ ತೆಗೆಯುವುದು, ಬೆನ್ನುಹತ್ತುವುದು ಇಂಥ ಅಪರಾಧಗಳಲ್ಲಿ ಸಂತ್ರಸ್ತ ಮಹಿಳೆಯ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಇದು ನೀವು ಬೇಡಿ ಪಡೆಯುವ ಉಪಕಾರವಲ್ಲ, ಕೇಳಿ ಪಡೆಯುವ ಹಕ್ಕು. ತಮ್ಮ ಖಾಸಗಿ ದೃಶ್ಯಗಳು ಹರಡಿದ್ದರಿಂದ 2025ರಲ್ಲಿ ಮದ್ರಾಸ್ ಹೈಕೋರ್ಟಿಗೆ ಹೋದ ವಕೀಲೆಯೊಬ್ಬರ ಪ್ರಕರಣದಲ್ಲಿ, ಗುಟ್ಟಾಗಿಡಬೇಕಾದ ಆಕೆಯ ಹೆಸರನ್ನೇ ಪೊಲೀಸರು ಪ್ರಥಮ ವರ್ತಮಾನ ವರದಿಯಲ್ಲಿ ಬರೆದಿದ್ದರು, ಅದನ್ನು ಅಳಿಸಲು ನ್ಯಾಯಾಲಯವೇ ಹೇಳಬೇಕಾಯಿತು. ವಕೀಲೆಗೇ ಹೀಗಾದರೆ ಹಳ್ಳಿಯ ಹುಡುಗಿ ಒಬ್ಬಳೇ ಠಾಣೆಗೆ ಹೋಗಬೇಕಾಗಬಾರದು. ಆದಾಯ ಎಷ್ಟೇ ಇರಲಿ, ಪ್ರತಿ ಮಹಿಳೆಗೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಅದರ ಸಂಖ್ಯೆ 15100.

ಡೀಪ್‌ಫೇಕ್ ಬಗ್ಗೆ ವಿದ್ಯಾರ್ಥಿನಿಯರು ಬಹಳ ಕೇಳಿದರು. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಲಿಫ್ಟಿನೊಳಗೆ ಬರುತ್ತಿರುವ ಇನ್ನೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿದ್ದರು. ಅಲ್ಲಿ ಅನ್ಯಾಯವಾದದ್ದು ಇಬ್ಬರಿಗೆ, ಮುಖ ಕಳೆದುಕೊಂಡವರಿಗೂ ದೇಹ ಕಳೆದುಕೊಂಡವರಿಗೂ. ರಶ್ಮಿಕಾ ಬಹಿರಂಗವಾಗಿ ಮಾತನಾಡಿದರು, ದೆಹಲಿ ಪೊಲೀಸರು ಮುಂದಿನ ಜನವರಿಯಲ್ಲಿ ಆಂಧ್ರದಲ್ಲಿ ಒಬ್ಬನನ್ನು ಬಂಧಿಸಿದರು. ತಾರೆಯರಿಗೆ ಸಿಕ್ಕ ವೇಗ ಸಾಧಾರಣ ಹುಡುಗಿಗೂ ಸಿಗಬೇಕು. ಕಾನೂನಿನ ದಾರಿ ಮಾತ್ರ ಇಬ್ಬರಿಗೂ ಒಂದೇ. ಚಿತ್ರ ಸುಳ್ಳಾದ ಮಾತ್ರಕ್ಕೆ ಅಪರಾಧ ಸುಳ್ಳಾಗುವುದಿಲ್ಲ. ಸಾಲದ ಆ್ಯಪ್‌ಗಳ ಹಾವಳಿಯೂ ಇದೇ ಬಗೆಯದು. ಕಂತು ತಪ್ಪಿದ ಮಹಿಳೆಯ ಫೋಟೊ ತಿರುಚಿ ಅವಳ ಫೋನಿನಲ್ಲಿರುವ ಸಂಖ್ಯೆಗಳಿಗೆಲ್ಲ ಕಳಿಸುತ್ತಾರೆ. ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಚಿತ್ರಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಆ ಅನುಮತಿ ಕೇಳುವ ಆ್ಯಪ್ ಯಾವುದೇ ಇರಲಿ, ಅದರಿಂದ ಸಾಲ ಬೇಡ.

ಕೊನೆಯಲ್ಲಿ ತಾಯಿಯೊಬ್ಬರು ಎದ್ದು ನಿಂತು, ಫೋನಿನ ಮೂಲಕ ನಮ್ಮ ಮೇಲೆ ಕಣ್ಣಿಟ್ಟಿರುವವನು ಹೊರಗಿನವನಲ್ಲದೆ ಗಂಡನೇ ಆಗಿದ್ದರೆ ಏನು ಮಾಡಬೇಕೆಂದು ಕೇಳಿದರು. ಇದನ್ನು ನಾನು ಮೊದಲೇ ಹೇಳಬೇಕಿತ್ತು ಎನ್ನುವಷ್ಟು ಮುಖ್ಯವಾದ ಪ್ರಶ್ನೆಯದು. ನಿಮ್ಮ ಫೋನ್ ಒಂದು ನಿಮಿಷ ಬೇರೆಯವರ ಕೈಗೆ ಸಿಕ್ಕರೆ ಸಾಕು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನಿಮ್ಮ ವಾಟ್ಸ್‌ಆ್ಯಪ್ ಅವರ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ. ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್ ಎಂಬಲ್ಲಿ ಹೋಗಿ ನೋಡಿದರೆ ಯಾವ ಯಾವ ಸಾಧನಗಳಲ್ಲಿ ಅದು ತೆರೆದಿದೆ ಎಂದು ತಿಳಿಯುತ್ತದೆ. ಗೂಗಲ್ ಖಾತೆಯ ಸಾಧನಗಳ ಪಟ್ಟಿ, ಗೂಗಲ್ ಮ್ಯಾಪ್ಸ್‌ನಲ್ಲಿ ನೀವಿರುವ ಜಾಗ ಯಾರಿಗೆ ಕಾಣುತ್ತಿದೆ ಎಂಬ ವಿವರ, ನೀವು ಹಾಕಿಕೊಳ್ಳದ ಆ್ಯಪ್ ಏನಾದರೂ ಇದೆಯೇ, ಇವನ್ನೂ ನೋಡಿಕೊಳ್ಳಿ. ಆದರೆ ಕಂಡ ತಕ್ಷಣ ತೆಗೆದುಹಾಕಬೇಡಿ. ಹೊಡೆಯುವ ಗಂಡನಿಗೆ ತನ್ನ ಹಿಡಿತ ತಪ್ಪಿದ್ದು ಗೊತ್ತಾದ ಗಳಿಗೆಯೇ ಹೆಚ್ಚು ಅಪಾಯದ್ದು. ಕಂಡದ್ದರ ಫೋಟೊ ತೆಗೆದಿಟ್ಟುಕೊಳ್ಳಿ, ನಂಬಿಕಸ್ಥರ ಫೋನಿನಿಂದ 181ಕ್ಕೆ ಕರೆ ಮಾಡಿ ಅಥವಾ ಹಿಂಸೆಗೊಳಗಾದ ಮಹಿಳೆಯರಿಗೆ ನೆರವು ಕೊಡುವ ಜಿಲ್ಲೆಯ ಸಖಿ ಕೇಂದ್ರಕ್ಕೆ ಹೋಗಿ, ಇರಲು ಜಾಗ ಗೊತ್ತುಮಾಡಿಕೊಂಡ ಮೇಲೆ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 18ನೇ ಕಲಂ ಅಡಿಯಲ್ಲಿ ಮ್ಯಾಜಿಸ್ಟ್ರೇಟರು ಹೊರಡಿಸುವ ರಕ್ಷಣಾ ಆದೇಶ, ಮನೆ ಬಾಗಿಲಿಗೆ ಬರುವುದನ್ನಷ್ಟೇ ಅಲ್ಲ, ಫೋನಿನಲ್ಲೋ ಯಾವುದೇ ವಿದ್ಯುನ್ಮಾನ ಮಾರ್ಗದಲ್ಲೋ ಸಂಪರ್ಕಿಸುವುದನ್ನೂ ನಿಷೇಧಿಸಬಲ್ಲದು. ಅದನ್ನು ಮೀರಿದರೆ ಒಂದು ವರ್ಷದವರೆಗೆ ಸೆರೆವಾಸ. ಇದಕ್ಕೆ ಅರ್ಜಿ ಹಾಕಲು ಅದೇ ಕಾಯಿದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯ ನೆರವು ಪಡೆಯಬಹುದು ಎಂದು ಆ ತಾಯಿಗೆ ತಿಳಿಸಿದೆ; ಅವರ ಅಕ್ಕಪಕ್ಕ ಕುಳಿತಿದ್ದ ಇನ್ನಿಬ್ಬರು ಹೆಂಗಸರೂ ಕಲಂ ಸಂಖ್ಯೆಯನ್ನು ಮತ್ತೊಮ್ಮೆ ಹೇಳಿಸಿಕೊಂಡು ಬರೆದುಕೊಂಡರು.